ಹಜಾರದ ನೆಲವೇ ಅರಬ್ಬಿ ಸಮುದ್ರ

ತುಮಕೂರಿಗೆ ಕಡಲಿಲ್ಲ. ಮಂಗಳೂರಿನ ಅಲೆಗಳನ್ನು ಕಾಣಬೇಕಾದರೆ ಪಶ್ಚಿಮಕ್ಕೆ ಸುಮಾರು ಮುನ್ನೂರು ಕಿಲೋಮೀಟರ್ ಸಾಗಿ ಘಟ್ಟ ಇಳಿಯಬೇಕು. ಇಲ್ಲಿನ ಮಕ್ಕಳಿಗೆ ದೊಡ್ಡ ನೀರೆಂದರೆ ತುಮಕೂರಿನ ಅಮಾನಿಕೆರೆ, ಗುಬ್ಬಿಯ ಕೆರೆ, ಜನಪದರು ಹಾಡಿ ಹೊಗಳಿದ ಕುಣಿಗಲ್ ಕೆರೆ. ಮಳೆ ಸುರಿದಾಗ ಬೀದಿಯಲ್ಲಿ ಹರಿಯುವ ನೀರಿಗೆ ತೇಲಿಬಿಟ್ಟ ಕಾಗದದ ದೋಣಿಯೇ ಅವರ ಮೊದಲ ಹಡಗು.

ಆ ಕಾಗದದ ದೋಣಿ ಒಂದು ಹೆಜ್ಜೆ ಮುಂದೆ ಹೋದರೆ ಹೇಗಿರುತ್ತದೆ? ಮುಗಿದ ನೋಟ್‌ಬುಕ್ಕಿನ ಹಿಂಬದಿಯ ರಟ್ಟು, ನಾಲ್ಕು ಬೆಂಕಿಕಡ್ಡಿ, ಖಾಲಿಯಾದ ಬಾಲ್‌ಪೆನ್ ರಿಫಿಲ್, ಒಂದಿಷ್ಟು ಗುಂಡುಸೂಜಿ, ಅಂಟು, ಬಣ್ಣ. ಇಷ್ಟರಲ್ಲಿ ಭಾರತದ ನೌಕಾಪಡೆಯ ಒಂದು ಪುಟ್ಟ ತುಕಡಿಯನ್ನೇ ಮನೆಯ ಹಜಾರದಲ್ಲಿ ನಿಲ್ಲಿಸಬಹುದು. ನಿಲ್ಲಿಸಿ ನೋಡುವುದಷ್ಟೇ ಅಲ್ಲ, ಅದನ್ನು ನಡೆಸಬಹುದು. ಎದುರಾಳಿಯ ಹಡಗುಗಳೊಡನೆ ಲೆಕ್ಕ ಹಾಕಿ ಸೆಣಸಬಹುದು. ಜಗತ್ತಿನ ಅನೇಕ ಕಡೆ ನೂರು ವರ್ಷಕ್ಕೂ ಹಿಂದಿನಿಂದ ಬೆಳೆದು ಬಂದ ಹವ್ಯಾಸವಿದು. ಹೆಸರು ನೌಕಾ ಸಮರದ ಆಟ.

ಆಟವೆಂದ ಕೂಡಲೇ ತಂದೆತಾಯಿಯರ ಹುಬ್ಬು ಗಂಟಿಕ್ಕುವುದು ಸಹಜ. ಓದು ಬಿಟ್ಟು ರಟ್ಟು ಕತ್ತರಿಸುತ್ತಾ ಕೂರುವುದೇ ಎಂಬ ಪ್ರಶ್ನೆಗೆ ಉತ್ತರ ಹೇಳುವ ಮೊದಲು ಈ ಆಟದ ಕಥೆಯನ್ನೊಮ್ಮೆ ಕೇಳಬೇಕು.

ನೆಲದ ಮೇಲೆ ಕಲಿತ ಯುದ್ಧ

1898ರಲ್ಲಿ ಇಂಗ್ಲೆಂಡಿನ ಫ್ರೆಡ್ ಟಿ. ಜೇನ್ ಎಂಬಾತ ನೌಕಾ ಸಮರದ ಆಟವೊಂದರ ನಿಯಮಗಳನ್ನು ಪ್ರಕಟಿಸಿದ. ಆಡುವವರಿಗೆ ಪ್ರತಿಯೊಂದು ಹಡಗಿನ ವೇಗ, ಕವಚದ ದಪ್ಪ, ಫಿರಂಗಿಗಳ ವಿವರ ಬೇಕಲ್ಲ? ಅದನ್ನೆಲ್ಲ ಚಿತ್ರಸಮೇತ ಒಟ್ಟುಗೂಡಿಸಿ ಅದೇ ವರ್ಷ ಒಂದು ಪುಸ್ತಕವನ್ನೂ ತಂದ. ಜಗತ್ತಿನ ನೌಕಾಪಡೆಗಳು ಇಂದಿಗೂ ತಿರುವಿ ಹಾಕುವ 'ಜೇನ್ಸ್ ಫೈಟಿಂಗ್ ಶಿಪ್ಸ್' ಎಂಬ ವಾರ್ಷಿಕ ಕೋಶ ಹುಟ್ಟಿದ್ದು ಹೀಗೆ, ಒಂದು ಆಟದ ಮಗ್ಗುಲಲ್ಲಿ.

ಎರಡನೆಯ ಮಹಾಯುದ್ಧದ ಕಾಲದ ಕಥೆ ಇನ್ನೂ ಸ್ವಾರಸ್ಯಕರ. ಅಟ್ಲಾಂಟಿಕ್ ಸಾಗರದಲ್ಲಿ ಬ್ರಿಟನ್ನಿಗೆ ಆಹಾರ, ಇಂಧನ ಹೊತ್ತು ಬರುತ್ತಿದ್ದ ಹಡಗುಗಳನ್ನು ಜರ್ಮನಿಯ ಜಲಾಂತರ್ಗಾಮಿಗಳು ಒಂದರ ಮೇಲೊಂದರಂತೆ ಮುಳುಗಿಸುತ್ತಿದ್ದವು. 1942ರ ಜನವರಿಯಲ್ಲಿ ಲಿವರ್‌ಪೂಲ್ ನಗರದ ಒಂದು ಕಟ್ಟಡದ ಮಹಡಿಯಲ್ಲಿ ಕ್ಯಾಪ್ಟನ್ ಗಿಲ್ಬರ್ಟ್ ರಾಬರ್ಟ್ಸ್ ಎಂಬ ಅಧಿಕಾರಿ ಒಂದು ತರಬೇತಿ ಘಟಕ ತೆರೆದರು. ಅವರ ಸಹಾಯಕ್ಕಿದ್ದವರಲ್ಲಿ ಹೆಚ್ಚಿನವರು ಮಹಿಳಾ ನೌಕಾದಳದ ಎಳೆಯ ವಯಸ್ಸಿನ ಯುವತಿಯರು. ಅವರ 'ಸಮುದ್ರ' ಎಂದರೆ ಕೋಣೆಯ ನೆಲ. ಅದರ ಮೇಲೆ ಗೆರೆ ಎಳೆದು, ಹತ್ತು ಅಂಗುಲಕ್ಕೆ ಒಂದು ನಾಟಿಕಲ್ ಮೈಲಿ ಎಂದು ಲೆಕ್ಕವಿಟ್ಟು, ಸೀಮೆಸುಣ್ಣದಿಂದ ಹಡಗುಗಳ ಹಾದಿ ಗುರುತಿಸುತ್ತಿದ್ದರು. ತರಬೇತಿಗೆ ಬಂದ ಅಧಿಕಾರಿಗಳು ಬಟ್ಟೆಯ ಪರದೆಯಲ್ಲಿನ ಕಂಡಿಯಿಂದ ಮಾತ್ರ ನೋಡಬೇಕು. ಹಡಗಿನ ಮೇಲೆ ನಿಂತವನಿಗೆ ಎಷ್ಟು ಕಾಣುತ್ತದೋ ಅಷ್ಟೇ ಅವರಿಗೂ ಕಾಣುತ್ತಿತ್ತು.

ಈ ನೆಲದ ಮೇಲೆ ಆಡಿ ನೋಡಿದಾಗ ಒಂದು ಸತ್ಯ ಬಯಲಾಯಿತು. ಶತ್ರುವಿನ ಜಲಾಂತರ್ಗಾಮಿ ದೂರದಲ್ಲಿ ನಿಂತು ಹೊಡೆಯುತ್ತಿರಲಿಲ್ಲ. ಹಿಂದಿನಿಂದ ನುಸುಳಿ ಹಡಗುಗಳ ಸಾಲಿನ ನಡುವೆಯೇ ಬಂದು ಹೊಡೆಯುತ್ತಿತ್ತು. ಅದನ್ನು ಎದುರಿಸುವ ಹೊಸ ವ್ಯೂಹ ರೂಪುಗೊಂಡಿದ್ದು ಇದೇ ನೆಲದ ಮೇಲೆ. ಮೊದಲನೆಯ ಮಹಾಯುದ್ಧದಲ್ಲಿ ಜಲಾಂತರ್ಗಾಮಿ ನಡೆಸಿ ಹೆಸರು ಮಾಡಿದ್ದ ಅಡ್ಮಿರಲ್ ಮ್ಯಾಕ್ಸ್ ಹಾರ್ಟನ್ ಒಮ್ಮೆ ಇಲ್ಲಿಗೆ ಬಂದು ತಾವೇ ಜಲಾಂತರ್ಗಾಮಿಯ ಪರವಾಗಿ ಆಡಿದರು. ಜಾನೆಟ್ ಓಕೆಲ್ ಎಂಬ ಯುವತಿ ಅವರನ್ನು ಐದು ಸಲ ಸೋಲಿಸಿದಳು! ಯುದ್ಧ ಮುಗಿಯುವಷ್ಟರಲ್ಲಿ ಸುಮಾರು ಐದು ಸಾವಿರ ಅಧಿಕಾರಿಗಳು ಈ ಕೋಣೆಯಲ್ಲಿ ಪಾಠ ಕಲಿತಿದ್ದರು. ನೆಲದ ಮೇಲೆ ಸೋತರೆ ಕಲಿಕೆ, ಕಡಲಿನಲ್ಲಿ ಸೋತರೆ ಪ್ರಾಣ. ಈ ಆಟದ ತಿರುಳು ಇಷ್ಟೇ.

ಹನ್ನೆರಡರಿಂದ ಭಾಗಿಸಿ

ಮಾದರಿ ಹಡಗು ಕಟ್ಟುವ ಕೆಲಸ ಕತ್ತರಿಯಿಂದಲ್ಲ, ಲೆಕ್ಕದಿಂದ ಶುರುವಾಗುತ್ತದೆ. ಈ ಹವ್ಯಾಸದಲ್ಲಿ ಹೆಚ್ಚು ಬಳಕೆಯಲ್ಲಿರುವ ಒಂದು ಅಳತೆ 1:1200. ಅಂದರೆ ನಿಜವಾದ ಹಡಗಿನ 1200 ಸೆಂ.ಮೀ. ಮಾದರಿಯಲ್ಲಿ 1 ಸೆಂ.ಮೀ. ಆಗುತ್ತದೆ. 1200 ಸೆಂ.ಮೀ. ಎಂದರೆ 12 ಮೀಟರ್. ಹೀಗಾಗಿ ಸೂತ್ರ ಸುಲಭ: ಹಡಗಿನ ಉದ್ದ ಎಷ್ಟು ಮೀಟರ್ ಇದೆಯೋ ಅದನ್ನು ಹನ್ನೆರಡರಿಂದ ಭಾಗಿಸಿದರೆ ಮಾದರಿಯ ಉದ್ದ ಸೆಂಟಿಮೀಟರಿನಲ್ಲಿ ಸಿಗುತ್ತದೆ.

ಲೆಕ್ಕ ಹಾಕಿ ನೋಡಿ. 2022ರ ಸೆಪ್ಟೆಂಬರ್ 2ರಂದು ನೌಕಾಪಡೆ ಸೇರಿದ ವಿಮಾನವಾಹಕ ನೌಕೆ ವಿಕ್ರಾಂತ್‌ನ ಉದ್ದ 262 ಮೀಟರ್, ಮಾದರಿಯಲ್ಲಿ 21.8 ಸೆಂ.ಮೀ. ಅದರ ಅಗಲ 62 ಮೀಟರ್, ಮಾದರಿಯಲ್ಲಿ 5.2 ಸೆಂ.ಮೀ. ನಮ್ಮ ನಾಡಿನ ಹೆಸರು ಹೊತ್ತ ಐ.ಎನ್.ಎಸ್. ಮೈಸೂರು ಎರಡು ತಲೆಮಾರಿನ ಹಡಗು. ಮೊದಲನೆಯದು ಬ್ರಿಟನ್ನಿನಿಂದ ಕೊಂಡು 1957ರಲ್ಲಿ ಸೇವೆಗೆ ಸೇರಿಸಿದ ಕ್ರೂಸರ್, 1985ರಲ್ಲಿ ನಿವೃತ್ತಿಯಾಯಿತು. ಈಗಿನದು 1999ರಲ್ಲಿ ಸೇವೆಗೆ ಸೇರಿದ ಡೆಸ್ಟ್ರಾಯರ್. ಇದರ ಉದ್ದ 163 ಮೀಟರ್; ಮಾದರಿಯಲ್ಲಿ 13.6 ಸೆಂ.ಮೀ. ಕಾರವಾರದ ಕಡಲ ತೀರದಲ್ಲಿ 2006ರಿಂದ ವಸ್ತುಸಂಗ್ರಹಾಲಯವಾಗಿ ನಿಂತಿರುವ ಕ್ಷಿಪಣಿ ದೋಣಿ ಚಪಲ್ ಮಾದರಿಯಲ್ಲಿ ಬರೀ 3.2 ಸೆಂ.ಮೀ., ಒಂದು ಬೆಂಕಿಕಡ್ಡಿಗಿಂತಲೂ ಗಿಡ್ಡ!

ಇಷ್ಟು ಚಿಕ್ಕದನ್ನು ಕತ್ತರಿಸುವುದು ಮೊದಲ ಸಲ ಕಷ್ಟವೆನಿಸಿದರೆ ಹನ್ನೆರಡರ ಬದಲು ಆರರಿಂದ ಭಾಗಿಸಿ. ಅಳತೆ 1:600 ಆಗುತ್ತದೆ, ಚಪಲ್ 6.4 ಸೆಂ.ಮೀ. ಬೆಳೆಯುತ್ತದೆ. ಆದರೆ ಒಂದು ಮಾತು ನೆನಪಿರಲಿ. ಯಾವ ಅಳತೆ ಹಿಡಿದರೂ ಎಲ್ಲ ಹಡಗುಗಳಿಗೂ ಅದೇ ಇರಬೇಕು. ಇಲ್ಲವಾದರೆ ದೋಣಿ ಡೆಸ್ಟ್ರಾಯರಿನಷ್ಟೇ ದೊಡ್ಡದಾಗಿ ಕಾಣುತ್ತದೆ. ಕಣ್ಣು ಮೋಸ ಹೋಗುತ್ತದೆ.

ರಟ್ಟು, ರಿಫಿಲ್, ಗುಂಡುಸೂಜಿ

ಆಟದ ಹಡಗು ಷೋಕೇಸಿನ ಹಡಗಲ್ಲ. ಅದನ್ನು ನೂರು ಸಲ ಕೈಯಲ್ಲಿ ಹಿಡಿಯಬೇಕು, ಸರಿಸಬೇಕು. ಹಗ್ಗ, ಕಟಕಟೆ, ಬಾವುಟದ ಕಂಬವೆಂದು ಸೂಕ್ಷ್ಮವಾಗಿ ಕೆತ್ತುತ್ತಾ ಹೋದರೆ ಮೊದಲ ಆಟದಲ್ಲೇ ಮುರಿದು ಬೀಳುತ್ತದೆ. ಮೂರಡಿ ದೂರದಿಂದ ನೋಡಿದವರು 'ಇದು ಇಂಥ ಹಡಗು' ಎಂದು ಗುರುತು ಹಿಡಿದರೆ ಸಾಕು. ಏನನ್ನು ಬಿಡಬೇಕು ಎಂದು ತೀರ್ಮಾನಿಸುವುದೇ ಇಲ್ಲಿನ ಕುಶಲತೆ.

ಇನ್ನೊಂದು ಅನುಕೂಲ, ನೀರಿನ ಕೆಳಗಿನ ಭಾಗವನ್ನು ಮಾಡಬೇಕಾಗಿಯೇ ಇಲ್ಲ. ನೀರಿನಿಂದ ಮೇಲೆ ಕಾಣುವುದಷ್ಟನ್ನೇ ಮಾಡಿ ತಳವನ್ನು ಚಪ್ಪಟೆ ಬಿಟ್ಟರೆ ಹಡಗು ನೆಲದ ಮೇಲೆ ತೇಲಿದಂತೆ ಕೂರುತ್ತದೆ. ಐದು ಮೀಟರ್ ಎತ್ತರದ ಒಡಲು 1:1200ರಲ್ಲಿ ನಾಲ್ಕು ಮಿಲಿಮೀಟರ್. ಒಂದು ಮಿಲಿಮೀಟರ್ ದಪ್ಪದ ರಟ್ಟು ನಾಲ್ಕು ಪದರ ಅಂಟಿಸಿದರೆ ಮುಗಿಯಿತು.

ಮೊದಲ ಪ್ರಯೋಗಕ್ಕೆ ಚಪಲ್ ತಕ್ಕ ಹಡಗು, ಆಕಾರ ಸರಳ. 1:600ರಲ್ಲಿ ಮಾಡುವುದಾದರೆ 6.4 ಸೆಂ.ಮೀ. ಉದ್ದ, 1.3 ಸೆಂ.ಮೀ. ಅಗಲದ ಆಯತ ಬರೆದು, ನಡುವೆ ಉದ್ದಕ್ಕೂ ಒಂದು ಗೆರೆ ಎಳೆಯಿರಿ. ಗೆರೆಯ ಎರಡೂ ಕಡೆ ಒಂದೇ ಸಮನಾಗಿ ಬಾಗಿಸಿ ಮುಂಭಾಗವನ್ನು ಚೂಪು ಮಾಡಿ, ಹಿಂಭಾಗ ನೇರವಾಗಿರಲಿ. ಒಂದನ್ನು ಕತ್ತರಿಸಿ, ಅದನ್ನೇ ಅಚ್ಚಾಗಿಟ್ಟು ಉಳಿದ ಪದರಗಳನ್ನು ಕತ್ತರಿಸಿ. ಬ್ಲೇಡು ಹಿಡಿಯುವಾಗ ಚಿಕ್ಕ ಮಕ್ಕಳ ಜೊತೆ ದೊಡ್ಡವರು ಇರುವುದು ಒಳ್ಳೆಯದು. ಪದರಗಳಿಗೆ ಫೆವಿಕಾಲ್ ತೆಳುವಾಗಿ ಸವರಿ, ಜೋಡಿಸಿ, ದಪ್ಪ ಪುಸ್ತಕವೊಂದರ ಕೆಳಗೆ ರಾತ್ರಿಯಿಡೀ ಇಡಿ. ಬೆಳಿಗ್ಗೆ ಅಂಚುಗಳನ್ನು ಉಪ್ಪುಕಾಗದದಿಂದ ಉಜ್ಜಿದರೆ ಪದರದ ಗೆರೆ ಮಾಯವಾಗಿ ಒಡಲು ಮರದ ತುಂಡಿನಂತೆ ಗಟ್ಟಿಯಾಗಿರುತ್ತದೆ.

ನಡುವಿನ ಕೋಣೆಗೆ ರಟ್ಟಿನ ಎರಡು ಚಿಕ್ಕ ತುಂಡು. ಮುಂದೊಂದು ಹಿಂದೊಂದು ತೋಪಿನ ಗೋಪುರ. ಬೆಂಕಿಕಡ್ಡಿಯ ತುಣುಕಿನಿಂದ ಆದೀತು. ಕೋಣೆಯ ಎರಡೂ ಬದಿಗೆ ಎರಡೆರಡರಂತೆ ನಾಲ್ಕು ಕ್ಷಿಪಣಿ ಕೊಳವೆಗಳು. ಖಾಲಿ ರಿಫಿಲ್ಲನ್ನು ಸಣ್ಣಗೆ ಕತ್ತರಿಸಿ, ಮೂತಿ ಮುಂದಕ್ಕೂ ತುಸು ಮೇಲಕ್ಕೂ ಇರುವಂತೆ ಅಂಟಿಸಿ. ಕಂಬಕ್ಕೆ ಗುಂಡುಸೂಜಿ, ಅದರ ತಲೆಯೇ ರೇಡಾರಿನಂತೆ ಕಾಣುತ್ತದೆ. ಚೂಪಾದ ತುದಿ ಒಡಲೊಳಗೆ ಪೂರ್ತಿ ಹೂತುಹೋಗಿರಲಿ. ದೊಡ್ಡ ಹಡಗುಗಳಿಗೂ ಇದೇ ಕ್ರಮ. ತುಂಡುಗಳ ಸಂಖ್ಯೆ ಹೆಚ್ಚುತ್ತದೆ ಅಷ್ಟೆ. ಕೈ ಪಳಗಿದವರು ರಟ್ಟಿನ ಬದಲು ಮೆತುವಾದ ಮರ ಕೆತ್ತಬಹುದು. ಕುಣಿಗಲ್‌ಗೆ ಹೆಚ್ಚು ದೂರವಿಲ್ಲದ ಚನ್ನಪಟ್ಟಣದ ಬೊಂಬೆಗಳಿಗೆ ಬಳಸುವ ಹಾಲೆ ಮರ ಇಂಥ ಕೆಲಸಕ್ಕೂ ಚೆನ್ನ.

ಗುಬ್ಬಿಯ ಪರದೆ ಕಲಿಸುವ ಪಾಠ

ಬಣ್ಣ ಹಚ್ಚುವ ಮೊದಲು ತೆಳು ಮಾಡಿದ ಫೆವಿಕಾಲನ್ನು ಮೇಲೂ ಕೆಳಗೂ ಒಮ್ಮೆ ಬಳಿದು ಒಣಗಿಸಿ. ಒಂದೇ ಕಡೆ ಬಳಿದರೆ ರಟ್ಟು ಸೊಟ್ಟಗಾಗುತ್ತದೆ. ಆಮೇಲೆ ಬೂದುಬಣ್ಣ. ಭಾರತದ ಯುದ್ಧನೌಕೆಗಳ ಮೈಬಣ್ಣ ಬೂದು. ಬಿಳಿ ಪೋಸ್ಟರ್ ಬಣ್ಣಕ್ಕೆ ಸ್ವಲ್ಪ ಕಪ್ಪು, ಒಂದೇ ಒಂದು ಹನಿ ನೀಲಿ ಸೇರಿಸಿದರೆ ಆಯಿತು.

ಇಲ್ಲಿ ಹೆಚ್ಚಿನವರು ಎಡವುತ್ತಾರೆ. ನಿಜವಾದ ಹಡಗಿನ ಬಣ್ಣವನ್ನೇ ತಂದು ಬಳಿದರೆ ಚಿಕ್ಕ ಮಾದರಿ ಕಪ್ಪಿಟ್ಟಂತೆ ಕಾಣುತ್ತದೆ. ಕಾರಣ ತಿಳಿಯಬೇಕಾದರೆ ತುಮಕೂರಿನ ಮನೆಯ ತಾರಸಿ ಹತ್ತಿ ದೇವರಾಯನದುರ್ಗದ ಕಡೆ ನೋಡಿದರೆ ಸಾಕು. ಹತ್ತಿರ ಹೋದರೆ ಕಡು ಹಸಿರಾಗಿರುವ ಬೆಟ್ಟ ದೂರದಿಂದ ನಸುನೀಲಿ, ಮಾಸಲು. ದೂರ ಹೆಚ್ಚಿದಂತೆ ಬಣ್ಣ ತಿಳಿಯಾಗುತ್ತದೆ. ಮಾದರಿ ಹಡಗೆಂದರೆ ಕಿಲೋಮೀಟರ್ ದೂರದಿಂದ ಕಂಡ ಹಡಗು. ಆದ್ದರಿಂದ ಅದರ ಬಣ್ಣ ನಿಜಕ್ಕಿಂತ ತಿಳಿಯಾಗಿರಬೇಕು.

ಬಣ್ಣ ತಿಳಿಯಾಗಿರಲಿ, ಆದರೆ ನೆರಳು ಬೆಳಕು ಎದ್ದು ಕಾಣಲಿ. ಈ ಮಾತನ್ನು ಗುಬ್ಬಿಯವರಿಗೆ ಹೇಳಿಕೊಡಬೇಕಾಗಿಲ್ಲ. 1884ರಲ್ಲಿ ಅಲ್ಲಿ ಹುಟ್ಟಿ, ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ನಾಡಿನುದ್ದಕ್ಕೂ ಮೆರೆದ ನಾಟಕ ಕಂಪೆನಿ ಭರ್ಜರಿ ರಂಗಸಜ್ಜಿಕೆಗೆ ಹೆಸರಾಗಿತ್ತು. ಬರೆದ ಪರದೆಯನ್ನು ಹತ್ತಿರದಿಂದ ನೋಡಿದರೆ ಒರಟು ಗೆರೆ, ಬಣ್ಣದ ಮೆತ್ತೆ. ಕೊನೆಯ ಸಾಲಿನಲ್ಲಿ ಕುಳಿತವರಿಗೆ ಅದೇ ಅರಮನೆ, ಅದೇ ಕಾಡು. ದೂರದ ಕಣ್ಣಿಗೆ ತಲುಪಬೇಕಾದರೆ ನೆರಳನ್ನು ಹೆಚ್ಚು ಕಪ್ಪಾಗಿ, ಬೆಳಕನ್ನು ಹೆಚ್ಚು ಬೆಳ್ಳಗೆ ಬರೆಯಬೇಕು.

ಹಡಗಿಗೂ ಹಾಗೆಯೇ. ಕಪ್ಪು ಬಣ್ಣವನ್ನು ನೀರಿನಷ್ಟು ತೆಳು ಮಾಡಿ ಇಡೀ ಮಾದರಿಯ ಮೇಲೆ ಹರಿಯಬಿಟ್ಟರೆ ಅದು ಸಂದುಗೊಂದುಗಳಲ್ಲಿ ನಿಂತು ನೆರಳಾಗುತ್ತದೆ. ಒಣಗಿದ ನಂತರ ಕುಂಚಕ್ಕೆ ತಿಳಿ ಬೂದು ಹಚ್ಚಿ, ಹಳೆಯ ಬಟ್ಟೆಗೆ ಒರೆಸಿ, ಉಳಿದ ಚೂರು ಬಣ್ಣವನ್ನು ಉಬ್ಬಿದ ಅಂಚುಗಳ ಮೇಲೆ ಹಗುರವಾಗಿ ಉಜ್ಜಿದರೆ ಅಲ್ಲೆಲ್ಲ ಬಿಸಿಲು ಬಿದ್ದಂತಾಗುತ್ತದೆ. ಅಟ್ಟಕ್ಕೆ ಒಂದು ಛಾಯೆ ಗಾಢವಾದ ಬೂದು, ನೀರು ಮುಟ್ಟುವಲ್ಲಿ ಕಪ್ಪು ಗೆರೆ. ಹಡಗನ್ನು ಅದಕ್ಕಿಂತ ತುಸು ದೊಡ್ಡದಾದ ನೀಲಿ-ಹಸಿರು ರಟ್ಟಿನ ಮೇಲೆ ಅಂಟಿಸಿ, ಮೂತಿಯ ಬಳಿ ಮತ್ತು ಹಿಂದೆ ಬಿಳಿ ನೊರೆ ಎಳೆದರೆ ಅದು ಓಡುತ್ತಿರುವಂತೆ ಕಾಣುತ್ತದೆ. ಹಿಡಿದೆತ್ತಲು ಈ ರಟ್ಟೇ ಅನುಕೂಲ. ಹಡಗಿಗೆ ಕೈ ತಾಗುವುದಿಲ್ಲ.

ಪುಟ್ಟ ಹಡಗಿಗೆ ಬಣ್ಣ ಬಳಿಯುವುದು ಒಂದು ಕಾಲಕ್ಕೆ ಯುದ್ಧದ ಕೆಲಸವೇ ಆಗಿತ್ತು. 1917ರಲ್ಲಿ ಬ್ರಿಟನ್ನಿನ ಕಲಾವಿದ ನಾರ್ಮನ್ ವಿಲ್ಕಿನ್ಸನ್ ಹಡಗಿನ ಮೈಮೇಲೆ ಅಡ್ಡಾದಿಡ್ಡಿ ಪಟ್ಟೆ ಬರೆದು ಶತ್ರುವಿನ ಕಣ್ಣಿಗೆ ಅದರ ದಿಕ್ಕು ತಿಳಿಯದಂತೆ ಮಾಡುವ ಉಪಾಯ ಹೂಡಿದ. ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಮರದ ಸಣ್ಣ ಮಾದರಿಗಳಿಗೆ ಬಣ್ಣ ಬಳಿದವರಲ್ಲಿ ಹೆಚ್ಚಿನವರು ಮಹಿಳೆಯರು. ಆ ಮಾದರಿಗಳನ್ನು ತಿರುಗುವ ಮಣೆಯ ಮೇಲಿಟ್ಟು, ಜಲಾಂತರ್ಗಾಮಿಯವರು ಬಳಸುವಂಥ ದರ್ಶಕದಿಂದ ನೋಡಿ, ಗೊಂದಲ ಹುಟ್ಟಿಸಿದ ವಿನ್ಯಾಸವನ್ನು ನಿಜವಾದ ಹಡಗಿಗೆ ಬಳಿಸುತ್ತಿದ್ದರು.

ಕಣ್ಣಳತೆಯ ಆಟ

ಹಡಗು ಸಿದ್ಧವಾಯಿತು; ಇನ್ನು ಸಮುದ್ರ. ಇಲ್ಲಿ ಲೆಕ್ಕದ ಇನ್ನೊಂದು ತೊಡಕು ಎದುರಾಗುತ್ತದೆ. ಒಂದು ನಾಟಿಕಲ್ ಮೈಲಿ 1852 ಮೀಟರ್. ಹಡಗಿನ ಅಳತೆಯಲ್ಲೇ, ಅಂದರೆ 1:1200ರಲ್ಲಿ, ಹಿಡಿದರೆ ಒಂದೂವರೆ ಮೀಟರಿಗೂ ಹೆಚ್ಚು. ಹತ್ತು ಮೈಲಿ ದೂರದ ಕಾಳಗಕ್ಕೆ ಮನೆಯಲ್ಲ, ಶಾಲೆಯ ಸಭಾಂಗಣ ಬೇಕಾದೀತು! ಅದಕ್ಕೇ ಹಡಗಿಗೊಂದು ಅಳತೆ, ದೂರಕ್ಕೊಂದು ಅಳತೆ. ಲಿವರ್‌ಪೂಲಿನವರಂತೆ ಮೈಲಿಗೆ ಹತ್ತು ಅಂಗುಲ, ಅಂದರೆ ಸುಮಾರು 25 ಸೆಂ.ಮೀ., ಇಟ್ಟುಕೊಳ್ಳಬಹುದು.

ನಿಯಮಗಳನ್ನು ಮಕ್ಕಳೇ ರೂಪಿಸಿಕೊಳ್ಳುವುದು ಚೆನ್ನ. ಶುರುವಿಗೆ ಇಷ್ಟು ಸಾಕು. ಹಡಗಿನ ವೇಗ ಎಷ್ಟು ನಾಟ್ ಇದೆಯೋ ಅದರ ಅರ್ಧದಷ್ಟು ಸೆಂಟಿಮೀಟರ್ ಒಂದು ಸರದಿಯಲ್ಲಿ ಸಾಗಲಿ. 28 ನಾಟಿನ ಹಡಗು 14 ಸೆಂ.ಮೀ., 38 ನಾಟಿನ ಕ್ಷಿಪಣಿ ದೋಣಿ 19 ಸೆಂ.ಮೀ. ಎರಡೂ ಪಕ್ಷದವರು ತಮ್ಮ ಹಡಗು ಯಾವ ಕಡೆ ತಿರುಗಬೇಕೆಂದು ಮೊದಲೇ ಚೀಟಿಯಲ್ಲಿ ಬರೆದು ಮಡಚಿಡಬೇಕು. ಒಟ್ಟಿಗೇ ಬಿಡಿಸಿ ನಡೆಸಬೇಕು. ಎದುರಾಳಿಯ ನಡೆ ನೋಡಿ ಮನಸ್ಸು ಬದಲಿಸುವಂತಿಲ್ಲ.

ಹೊಡೆತಕ್ಕೆ ದಾಳ ಬೇಡ. 1930ರ ದಶಕದಲ್ಲಿ ಅಮೆರಿಕದ ಲೇಖಕ ಫ್ಲೆಚರ್ ಪ್ರಾಟ್ ರೂಪಿಸಿದ ಆಟದಲ್ಲಿ ಆಟಗಾರರು ನೆಲಕ್ಕೆ ಮಲಗಿ, ಶತ್ರು ಹಡಗು ಎಷ್ಟು ಅಂಗುಲ ದೂರವಿದೆಯೆಂದು ಕಣ್ಣಳತೆಯಲ್ಲೇ ಊಹಿಸಿ ಬರೆಯಬೇಕಿತ್ತು. ಆಮೇಲೆ ಟೇಪು ಹಿಡಿದು ಅಳೆಯುತ್ತಿದ್ದರು. ಅದನ್ನೇ ಅನುಸರಿಸಿ, ಊಹೆ ಐದು ಸೆಂಟಿಮೀಟರಿನೊಳಗೆ ಸರಿಯಿದ್ದರೆ ಒಂದು ಏಟು ಎನ್ನಬಹುದು. ಮಾದರಿಯ ಉದ್ದದ ಪ್ರತಿ ನಾಲ್ಕು ಸೆಂಟಿಮೀಟರಿಗೆ ಒಂದು ಏಟು ತಾಳುವ ಶಕ್ತಿ. ಕ್ಷಿಪಣಿ ದೋಣಿಯಲ್ಲಿ ಇರುವುದು ನಾಲ್ಕೇ ಕ್ಷಿಪಣಿ, ಮುಗಿದರೆ ಮುಗಿಯಿತು. ಯಾವಾಗ ಹೊಡೆಯಬೇಕು, ಯಾವಾಗ ಸುಮ್ಮನಿರಬೇಕು ಎಂಬ ವಿವೇಚನೆ ಇಲ್ಲಿಂದ ಶುರು. ಕಣ್ಣಳತೆ ಪಳಗಬೇಕೆಂದರೆ ಕುಣಿಗಲ್ ಕೆರೆಯ ಏರಿಯ ಮೇಲೆ ಸಂಜೆ ನಡೆಯುವಾಗ ಮುಂದಿನ ಮರ ಎಷ್ಟು ಹೆಜ್ಜೆ ಎಂದು ಊಹಿಸಿ, ಹೆಜ್ಜೆ ಎಣಿಸಿ ನೋಡಿ. ವಾರದೊಳಗೆ ವ್ಯತ್ಯಾಸ ತಿಳಿಯುತ್ತದೆ.

ಅಂಕಪಟ್ಟಿಯಲ್ಲಿ ಕಾಣದ ಲಾಭ

ಇದರಿಂದ ಪರೀಕ್ಷೆಯಲ್ಲಿ ಹೆಚ್ಚು ಅಂಕ ಬರುತ್ತದೆ ಎಂದು ಹೇಳಿದರೆ ಸುಳ್ಳಾದೀತು. ಆದರೆ ಪುಸ್ತಕದಲ್ಲಿ ಒಣಗಿದಂತೆ ಕಾಣುವ 'ಅನುಪಾತ ಮತ್ತು ಸಮಾನುಪಾತ' ಬೆರಳ ತುದಿಗೆ ಬರುತ್ತದೆ. ದಶಾಂಶದ ಒಂದು ಚುಕ್ಕೆ ತಪ್ಪಿದರೆ ಹಡಗು ಹಲಗೆಯಾಗುತ್ತದೆಂದು ಕಣ್ಣಾರೆ ಕಂಡ ಮಗು ಮತ್ತೆ ಆ ಚುಕ್ಕೆಯನ್ನು ಮರೆಯುವುದಿಲ್ಲ. ಖರ್ಚೂ ಹೆಚ್ಚಿಲ್ಲ, ಅರ್ಧ ಸಾಮಾನು ಮನೆಯಲ್ಲೇ ಇರುತ್ತದೆ. ದಸರೆಯ ರಜೆಯ ಒಂದು ವಾರದಲ್ಲಿ ಇಬ್ಬರು ಸೇರಿ ನಾಲ್ಕು ಹಡಗು ಮಾಡಬಹುದು.

ಎನ್.ಸಿ.ಸಿ.ಯ ನೌಕಾ ವಿಭಾಗದಲ್ಲಿ ಹಡಗಿನ ಮಾದರಿ ತಯಾರಿಕೆ ಕಲಿಕೆಯ ಒಂದು ಭಾಗ. ಅಖಿಲ ಭಾರತ ನೌ ಸೈನಿಕ ಶಿಬಿರದಲ್ಲಿ ಅದಕ್ಕೆ ಸ್ಪರ್ಧೆಯೂ ಉಂಟು. ಮಾದರಿ ಎಂಜಿನಿಯರರ ಮಟ್ಟಿಗೂ ಆಟಿಕೆಯಲ್ಲ. ಹೊಸ ಹಡಗಿನ ರೂಪ ನೀರನ್ನು ಹೇಗೆ ಸೀಳುತ್ತದೆಂದು ತಿಳಿಯಲು ವಿಶಾಖಪಟ್ಟಣದ ನೌಕಾ ಪ್ರಯೋಗಾಲಯದಲ್ಲಿ ಅದರ ಮಾದರಿಯನ್ನು ಉದ್ದನೆಯ ತೊಟ್ಟಿಯಲ್ಲಿ ಎಳೆದು ಪರೀಕ್ಷಿಸುತ್ತಾರೆ. ಹಡಗು ವಿನ್ಯಾಸವನ್ನೇ ಓದಬೇಕೆನ್ನುವವರಿಗೆ ಖರಗಪುರ ಮತ್ತು ಮದ್ರಾಸಿನ ಐ.ಐ.ಟಿ.ಗಳಲ್ಲಿ, ಕೊಚ್ಚಿ ವಿಶ್ವವಿದ್ಯಾಲಯದಲ್ಲಿ ಅವಕಾಶವಿದೆ. ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಬಾಗಿಲು 2022ರಿಂದ ಹುಡುಗಿಯರಿಗೂ ತೆರೆದಿದೆ. ಕಡಲಿಲ್ಲದ ಊರು ಎಂಬುದು ಅಡ್ಡಿಯಲ್ಲ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್ ಬಯಲಿನಲ್ಲಿ 2023ರ ಫೆಬ್ರುವರಿಯಲ್ಲಿ ಎಚ್.ಎ.ಎಲ್. ಹೆಲಿಕಾಪ್ಟರ್ ಕಾರ್ಖಾನೆಯೇ ಉದ್ಘಾಟನೆಯಾಗಲಿಲ್ಲವೇ?

ಮೇಜಿನಿಂದ ಎತ್ತಿಟ್ಟ ಹಡಗು

ಕೊನೆಯದಾಗಿ, ಮನೆಯವರು ಮಕ್ಕಳಿಗೆ ಹೇಳಲೇಬೇಕಾದ ಮಾತೊಂದಿದೆ.

1971ರ ಡಿಸೆಂಬರ್ 4ರ ರಾತ್ರಿ ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ಕ್ಷಿಪಣಿ ದೋಣಿಗಳು ಕರಾಚಿ ಬಂದರಿನ ಹತ್ತಿರ ನುಗ್ಗಿ ಶತ್ರುವಿನ ಹಡಗುಗಳನ್ನು ಮುಳುಗಿಸಿದವು. ಅದರ ನೆನಪಿಗಾಗಿಯೇ ಡಿಸೆಂಬರ್ 4 ನೌಕಾಪಡೆ ದಿನ. ಮಕ್ಕಳು ಆಡಲು ಇಷ್ಟಪಡುವುದು ಈ ಗೆಲುವಿನ ರಾತ್ರಿಯನ್ನು. ಆದರೆ ಐದೇ ದಿನಗಳ ನಂತರ, ಡಿಸೆಂಬರ್ 9ರಂದು, ದಿಯು ದ್ವೀಪದಾಚೆ ಭಾರತದ ಫ್ರಿಗೇಟ್ ಖುಕ್ರಿ ಪಾಕಿಸ್ತಾನದ ಜಲಾಂತರ್ಗಾಮಿಯ ಟಾರ್ಪೆಡೊಗೆ ಬಲಿಯಾಯಿತು. 18 ಅಧಿಕಾರಿಗಳು, 176 ನಾವಿಕರು ಹಡಗಿನೊಡನೆ ಹೋದರು. ಹಡಗು ಬಿಟ್ಟು ಹೊರಡದೆ ಅದರೊಂದಿಗೇ ಮುಳುಗಿದ ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರಿಗೆ ಮರಣೋತ್ತರ ಮಹಾವೀರ ಚಕ್ರ ಸಂದಿತು.

ಖುಕ್ರಿಯ ಉದ್ದ ಸುಮಾರು 94 ಮೀಟರ್. ಹನ್ನೆರಡರಿಂದ ಭಾಗಿಸಿದರೆ ಎಂಟು ಸೆಂಟಿಮೀಟರಿಗೂ ತುಸು ಕಡಿಮೆ. ಆಟದಲ್ಲಿ ಎರಡು ಏಟಿಗೆ ಮುಗಿಯುವ ಹಡಗು. ಅದನ್ನು ನೆಲದಿಂದ ಎತ್ತಿಡಲು ಒಂದು ಕ್ಷಣ ಸಾಕು. ಆ ಎಂಟು ಸೆಂಟಿಮೀಟರಿನಲ್ಲಿ 194 ಮನೆಗಳ ಮಕ್ಕಳಿದ್ದರು ಎಂದು ತಿಳಿದು ಎತ್ತಿಡುವ ಹುಡುಗ, ಮುಂದಿನ ಸರದಿಯಲ್ಲಿ ತನ್ನ ಹಡಗನ್ನು ಹುಡುಗಾಟಕ್ಕೆ ಮುನ್ನುಗ್ಗಿಸುವುದಿಲ್ಲ. ಎದುರಾಳಿಯ ಹಡಗು ಮುಳುಗಿದಾಗಲೂ ಕೇಕೆ ಹಾಕುವುದಿಲ್ಲ.

ದಿಯುವಿನಲ್ಲಿ ಸಮುದ್ರಕ್ಕೆ ಮುಖಮಾಡಿದ ಒಂದು ದಿಬ್ಬದ ಮೇಲೆ ಖುಕ್ರಿಯ ಸ್ಮಾರಕವಿದೆ. ಅಲ್ಲಿ ಗಾಜಿನ ಮನೆಯೊಳಗೆ ಇಟ್ಟಿರುವುದು ಆ ಹಡಗಿನ ಒಂದು ಮಾದರಿಯನ್ನು.